ಆರು ಜನರ ಮನೆಗೆ ಎಷ್ಟು ಲೀಟರಿನ ಫ್ರೀಜರ್? ತಲೆ ಎಣಿಸಬೇಡಿ, ಚೀಲ ಎಣಿಸಿ

ಪ್ರಶ್ನೆ: ಬಸವೇಶ್ವರನಗರದಲ್ಲಿ 30×40 ಸೈಟಿನ ಮನೆಯ ಮೊದಲ ಮಹಡಿಯಲ್ಲಿದ್ದೇವೆ. ಅತ್ತೆ, ಮಾವ, ನಾವಿಬ್ಬರು, ಇಬ್ಬರು ಮಕ್ಕಳು. 260 ಲೀಟರಿನ ಡಬಲ್ ಡೋರ್ ಫ್ರಿಜ್ ಇದೆ. ಅದರ ಮೇಲಿನ ಫ್ರೀಜರ್ ತೆಗೆದರೆ ಏನಾದರೊಂದು ಕಾಲಿನ ಮೇಲೆ ಬೀಳುತ್ತದೆ, ಅಷ್ಟು ತುಂಬಿರುತ್ತದೆ. ಅವರೆಕಾಯಿ ಕಾಲ ಬಂತೆಂದರೆ ಮಾವ ಮಾಗಡಿಯಿಂದ ಚೀಲಗಟ್ಟಲೆ ತರುತ್ತಾರೆ. ಬಿಡಿಸಿ, ಹಿತಕಿ ಇಡಲು ಜಾಗವಿಲ್ಲ. ಹೋದ ವರ್ಷ ಹೇಗೋ ತುರುಕಿ ಇಟ್ಟ ಕಾಳು ಎರಡು ತಿಂಗಳಿಗೆ ಒಣಹುಲ್ಲಿನ ವಾಸನೆ ಹೊಡೆಯಿತು. ಅಂಗಡಿಯವರು 300 ಲೀಟರಿನ ಗಾಜಿನ ಮುಚ್ಚಳದ ಡೀಪ್ ಫ್ರೀಜರ್ ತೋರಿಸಿ, "ಆರು ಜನ ಅಂದ್ರೆ ಇದಕ್ಕಿಂತ ಕಮ್ಮಿ ಬೇಡ ಮೇಡಂ, ಖಾಲಿ ಇದ್ರೂ ಕರೆಂಟ್ ಅಷ್ಟೇ" ಎಂದರು. ನಮ್ಮೆಜಮಾನರು ಬೀರುವಿನ ಹಾಗೆ ನಿಲ್ಲುವ ಮಾದರಿಯೇ ವಾಸಿ ಎನ್ನುತ್ತಾರೆ. ಅತ್ತೆಗೆ ಮಂಡಿ ನೋವು, ಬಗ್ಗಲಾರರು. ಇಡುವುದಾದರೆ ಯುಟಿಲಿಟಿಯಲ್ಲಿ, ಇಲ್ಲವೇ ಪಡುವಣ ಬಾಲ್ಕನಿಯಲ್ಲಿ. ಗೃಹಜ್ಯೋತಿಯಲ್ಲಿ ನಮಗೆ 178 ಯೂನಿಟ್ ಇದೆ, ಬಳಕೆ 170ರ ಆಸುಪಾಸು. ಯಾವುದು ತರೋದು? ಕರೆಂಟ್ ಹೋದರೆ ಇನ್ವರ್ಟರ್‌ಗೆ ಕೊಡಬಹುದೇ?

ಉತ್ತರ: ಚಿಕ್ಕದು ತಂದರೆ ಮುಂದಿನ ಅವರೆಕಾಯಿ ಕಾಲಕ್ಕೆ ಮತ್ತೆ ಇದೇ ಪಾಡು, ದೊಡ್ಡದು ತಂದರೆ ಜಾಗವೂ ದುಡ್ಡೂ ದಂಡ. ನಿಮ್ಮ ಎಲ್ಲ ಪ್ರಶ್ನೆಗಳ ಹಿಂದೆ ಇರುವುದು ಈ ಗೊಂದಲವೇ. ಅಳತೆಯನ್ನು ತಲೆ ಲೆಕ್ಕದಲ್ಲಿ ಹಿಡಿದರೆ ಇದು ಬಗೆಹರಿಯುವುದಿಲ್ಲ. ಮನೆಯಲ್ಲಿ ಒಬ್ಬೊಬ್ಬರಿಗೆ ಐವತ್ತು ಲೀಟರ್ ಎಂಬ ಸೂತ್ರ ಹುಟ್ಟಿದ್ದು ಅಮೆರಿಕದ ಕಡೆ. ಅಲ್ಲಿ ತಲೆಗೆ ಒಂದೂವರೆಯಿಂದ ಎರಡೂವರೆ ಘನ ಅಡಿ, ಅಂದರೆ 42ರಿಂದ 70 ಲೀಟರ್ ಎಂದು ಹೇಳುವ ರೂಢಿ. ವಾರಕ್ಕೋ ತಿಂಗಳಿಗೋ ಒಮ್ಮೆ ಕಾರು ತುಂಬ ಮಾಂಸ, ಬ್ರೆಡ್ಡು ತಂದು ತುಂಬಿಸುವ ಮನೆಗಳ ಲೆಕ್ಕ ಅದು. ನಿಮ್ಮ ಬೀದಿಗೆ ದಿನಾ ಬೆಳಿಗ್ಗೆ ಸೊಪ್ಪಿನ ಗಾಡಿ ಬರುತ್ತದೆ, ಮೂಲೆಯಲ್ಲಿ ಮಟನ್ ಅಂಗಡಿ ಇರುತ್ತದೆ. ಅಂಗಡಿಯವರ 300 ಲೀಟರ್ ಬಂದದ್ದು ಆ ಸೂತ್ರದಿಂದ, ಇಲ್ಲವೇ ಗೋಡೌನಿನಲ್ಲಿ ಉಳಿದ ಸ್ಟಾಕಿನಿಂದ.

ಒಂದು ಹಾಳೆ ತೆಗೆದುಕೊಂಡು, ವರ್ಷದಲ್ಲಿ ಫ್ರೀಜರ್ ಅತಿ ಹೆಚ್ಚು ತುಂಬುವ ದಿನ ಯಾವುದು, ಆ ದಿನ ಒಳಗೆ ಏನೇನು ಇರುತ್ತದೆ ಎಂದು ಬರೆಯಿರಿ. ನಿಮ್ಮ ಮನೆಗೆ ಅದು ಜನವರಿ ಕೊನೆ. ಬಿಡಿಸಿದ ಕಾಳು ಚೀಲದಲ್ಲಿ ಕೆಜಿಗೆ ಸುಮಾರು ಎರಡು ಲೀಟರ್ ಜಾಗ ಹಿಡಿಯುತ್ತದೆ, ಮೂಳೆಯಿರುವ ಮಾಂಸವೂ ಹೆಚ್ಚುಕಡಿಮೆ ಅಷ್ಟೇ. ಅವರೆಕಾಳು, ಹಿತಕಿದ ಬೇಳೆ ಎರಡೂ ಸೇರಿ 12 ಕೆಜಿ ಎಂದುಕೊಳ್ಳೋಣ. ಕಾಯಿ ತೂಕದಲ್ಲಿ ಕಾಳು ಸಿಗುವುದು ಅರ್ಧಕ್ಕಿಂತ ಕಡಿಮೆಯೇ, ಹಾಗಾಗಿ 12 ಕೆಜಿ ಕಾಳು ಎಂದರೆ ಆಗಲೇ ದೊಡ್ಡ ಚೀಲ ಕಾಯಿ. ಅದಕ್ಕೆ 24 ಲೀಟರ್. ಅದೇ ಕಾಲಕ್ಕೆ ಅಗ್ಗಕ್ಕೆ ಸಿಗುವ ಹಸಿ ಬಟಾಣಿ 8 ಕೆಜಿಗೆ 16. ಕೋಳಿ, ಮಟನ್ ಸೇರಿ 5 ಕೆಜಿಗೆ 10. ಮೀನು 2 ಕೆಜಿಗೆ 5. ತುರಿದ ಕಾಯಿಗೆ 5. ಹೋಳಿಗೆ, ಪರೋಟ, ಮಕ್ಕಳ ಐಸ್‌ಕ್ರೀಂ ಇತ್ಯಾದಿಗೆ 10. ಕೂಡಿದರೆ 70 ಲೀಟರ್. ಯಾವ ಪೆಟ್ಟಿಗೆಯನ್ನೂ ಮೂಲೆ ಮೂಲೆಗೆ ತುಂಬಲಾಗದು, ಮೇಲಿನ ತಂತಿ ಬುಟ್ಟಿಯಲ್ಲಿ ಗಾಳಿಯೇ ಹೆಚ್ಚು. ಆದ್ದರಿಂದ 0.7ರಿಂದ ಭಾಗಿಸಿ: 100 ಲೀಟರ್. ಫ್ರಿಜ್ಜಿನ ಫ್ರೀಜರ್ ಹೇಗೂ ಐವತ್ತು ಲೀಟರಿನ ಆಸುಪಾಸು ಇದೆ, ಅದನ್ನು ನಾನು ಇಲ್ಲಿ ಲೆಕ್ಕಕ್ಕೇ ಹಿಡಿದಿಲ್ಲ. ಹಾಗಾಗಿ ನಿಮಗೆ 100 ಲೀಟರ್ ಸಾಲುತ್ತದೆ, 150 ಧಾರಾಳ. 300 ತಂದರೆ ಮೂರರಲ್ಲಿ ಎರಡು ಭಾಗ ಗಾಳಿಯನ್ನು ತಣ್ಣಗಿಡುತ್ತೀರಿ.

ಲೇಬಲ್ ಮೇಲೆ ಎರಡು ಸಂಖ್ಯೆ ಇರುತ್ತವೆ, ಒಟ್ಟು ಲೀಟರ್ ಮತ್ತು ನಿವ್ವಳ ಲೀಟರ್. ನಿವ್ವಳವನ್ನೇ ನೋಡಿ. ಪೆಟ್ಟಿಗೆ ಮಾದರಿಯಲ್ಲಿ ಒಳಗೆ ಒಂದು ಬದಿಗೆ ಮೆಟ್ಟಿಲಿನ ಹಾಗೆ ಉಬ್ಬಿರುತ್ತದೆ, ಅದರ ಕೆಳಗೆ ಕಂಪ್ರೆಸರ್ ಕೂತಿದೆ. ಆ ಮೆಟ್ಟಿಲ ಮೇಲೆ ಉದ್ದದ ವಸ್ತು ನಿಲ್ಲದು.

"ಖಾಲಿ ಇದ್ದರೂ ಕರೆಂಟ್ ಅಷ್ಟೇ" ಎಂಬ ಮಾತಿಗೆ ಬರೋಣ. ಅರ್ಧ ಸತ್ಯ, ಅದೂ ಅವರ ಪರವಾಗಿರುವ ಅರ್ಧ. ಒಂದೇ ಪೆಟ್ಟಿಗೆ ತುಂಬಿದ್ದರೂ ಖಾಲಿಯಿದ್ದರೂ ಹೆಚ್ಚು ವ್ಯತ್ಯಾಸವಿಲ್ಲ ಎಂಬುದು ನಿಜ, ಏಕೆಂದರೆ ಶಾಖ ಒಳಬರುವುದು ಮುಖ್ಯವಾಗಿ ಗೋಡೆಯಿಂದ. ಆದರೆ ಪೆಟ್ಟಿಗೆ ದೊಡ್ಡದಾದಷ್ಟೂ ಗೋಡೆ ಹೆಚ್ಚು. 150ರ ಬದಲು 300 ಲೀಟರ್ ಎಂದರೆ ಗೋಡೆಯ ವಿಸ್ತೀರ್ಣ ಒಂದೂವರೆ ಪಟ್ಟಿಗಿಂತ ತುಸು ಮೇಲೆ. ಅದೇ ಫೋಮ್ ದಪ್ಪ ಇದ್ದರೆ ನುಗ್ಗುವ ಶಾಖವೂ ಒಂದೂವರೆ ಪಟ್ಟು. ಗಾಜಿನ ಮುಚ್ಚಳವಾದರೆ ಇನ್ನೂ ಕೇಡು. ಮೂರು ಬೆರಳು ದಪ್ಪದ ಫೋಮ್ ಇರಬೇಕಾದ ಜಾಗದಲ್ಲಿ ಗಾಜು ಕೂತಿರುತ್ತದೆ. ಐಸ್‌ಕ್ರೀಂ ಅಂಗಡಿಗೆ ಅದು ಬೇಕು, ಗಿರಾಕಿಗೆ ಒಳಗಿರುವುದು ಕಾಣಬೇಕಲ್ಲ. ಮನೆಯಲ್ಲಿ ಅವರೆಕಾಳನ್ನು ಯಾರಿಗೆ ತೋರಿಸಬೇಕು? ಗಟ್ಟಿ ಮುಚ್ಚಳದ್ದನ್ನೇ ಕೇಳಿ, ಅಂಗಡಿಯವರು ಅದನ್ನು "ಹಾರ್ಡ್ ಟಾಪ್" ಎನ್ನುತ್ತಾರೆ.

ಪೆಟ್ಟಿಗೆಯೋ ಬೀರುವೋ

ಮೇಲೆ ಮುಚ್ಚಳವಿರುವ ಪೆಟ್ಟಿಗೆಗೆ ಇರುವ ದೊಡ್ಡ ಗುಣ, ತಣ್ಣನೆ ಗಾಳಿ ಭಾರ. ಮುಚ್ಚಳ ಎತ್ತಿದರೆ ಅದು ತೊಟ್ಟಿಯ ನೀರಿನಂತೆ ಒಳಗೇ ನಿಲ್ಲುತ್ತದೆ. ಬೀರು ಮಾದರಿಯಲ್ಲಿ ಬಾಗಿಲು ತೆಗೆದೊಡನೆ ಗಾಳಿ ಕಾಲ ಮೇಲೆ ಸುರಿದುಹೋಗಿ, ಹೊರಗಿನ ಬಿಸಿ ಗಾಳಿ ತೇವದ ಸಮೇತ ಒಳಗೆ ನುಗ್ಗುತ್ತದೆ. ಆದರೆ ಈ ನಷ್ಟವನ್ನು ಜನ ಭಾವಿಸುವಷ್ಟು ದೊಡ್ಡದು ಮಾಡಬೇಕಿಲ್ಲ. 150 ಲೀಟರ್ ಗಾಳಿ ಪೂರ್ತಿ ಬದಲಾದರೂ, ಅದರ ತೇವವನ್ನೂ ಸೇರಿಸಿ, ತೆಗೆಯಬೇಕಾದ ಶಾಖ ಹದಿನೈದಿಪ್ಪತ್ತು ಕಿಲೋಜೌಲ್. ಅದೇ ಒಂದು ಕೆಜಿ ಬಟಾಣಿಯನ್ನು 28 ಡಿಗ್ರಿಯಿಂದ ಮೈನಸ್ 18ಕ್ಕೆ ಇಳಿಸಲು ಸುಮಾರು 380 ಬೇಕು. ಬಾಗಿಲು ಪದೇ ಪದೇ ತೆಗೆಯುವುದರ ನಿಜವಾದ ಕಾಟ ತೇವ. ಅದು ಕಾಯಿಲ್, ಅಂದರೆ ಒಳಗನ್ನು ತಣ್ಣಗಾಗಿಸುವ ಪೈಪಿನ ಸುರುಳಿಯ ಮೇಲೆ ಐಸ್ ಆಗಿ ಕೂರುತ್ತದೆ, ಐಸಿನ ಪದರ ಕಂಬಳಿಯಂತೆ ತಣ್ಣನೆಯನ್ನು ತಡೆಯುತ್ತದೆ.

ಪೆಟ್ಟಿಗೆಯ ದೊಡ್ಡ ದೋಷ ನಿಮ್ಮ ಅತ್ತೆಯ ಮಂಡಿಯಲ್ಲಿದೆ. ಕೆಳಗಿನ ಚೀಲ ಬೇಕಾದರೆ ಅರ್ಧ ದೇಹ ಒಳಗೆ ಬಗ್ಗಿಸಿ ಮೇಲಿನದ್ದೆಲ್ಲ ಎತ್ತಬೇಕು. ತಳದಲ್ಲಿದ್ದದ್ದು ತಳದಲ್ಲೇ ವರ್ಷ ಕಳೆಯುವುದು ಎಲ್ಲ ಪೆಟ್ಟಿಗೆಗಳ ಹಣೆಬರಹ.

ಇದಕ್ಕೆ ದಾರಿ ಇದೆ. ಪೆಟ್ಟಿಗೆಯನ್ನು ಗೋಡೌನ್ ಎಂದೂ ಫ್ರಿಜ್ಜಿನ ಫ್ರೀಜರನ್ನು ಅಂಗಡಿ ಎಂದೂ ಭಾವಿಸಿ. ಭಾನುವಾರ ಒಂದು ಸಲ ನೀವೋ ಯಜಮಾನರೋ ಪೆಟ್ಟಿಗೆ ತೆರೆದು, ಆ ವಾರಕ್ಕೆ ಬೇಕಾದ ನಾಲ್ಕಾರು ಚೀಲ ಫ್ರಿಜ್ಜಿನ ಮೇಲ್ಭಾಗಕ್ಕೆ ಸಾಗಿಸಿ. ಅತ್ತೆಯವರು ವಾರವಿಡೀ ನಿಂತಲ್ಲೇ ಕೈ ಚಾಚಿ ತೆಗೆದುಕೊಳ್ಳುತ್ತಾರೆ, ಪೆಟ್ಟಿಗೆಯ ಹತ್ತಿರ ಹೋಗಬೇಕಿಲ್ಲ. ಇದು ಸಾಧ್ಯವಿದ್ದರೆ ಪೆಟ್ಟಿಗೆಯೇ ಸರಿ: ಅದೇ ಲೀಟರಿಗೆ ಬೆಲೆ ಕಡಿಮೆ, ಕರೆಂಟ್ ಹೋದರೆ ಹೆಚ್ಚು ಹೊತ್ತು ತಡೆಯುತ್ತದೆ, ಕೆಡುವ ಭಾಗಗಳೂ ಕಡಿಮೆ. ಹಗಲೆಲ್ಲ ಅಡುಗೆಮನೆ ಅವರೊಬ್ಬರ ಕೈಯಲ್ಲೇ ಇದ್ದು, ಫ್ರೀಜರನ್ನೂ ಅವರೇ ದಿನಕ್ಕೆ ನಾಲ್ಕು ಸಲ ತೆಗೆಯುವುದಾದರೆ ನಿಮ್ಮೆಜಮಾನರ ಮಾತು ಸರಿ, ಬೀರು ಮಾದರಿ ತನ್ನಿ.

ಬೀರುವಿನಲ್ಲಿ ಮತ್ತೆ ಎರಡು ಜಾತಿ. ಒಂದರಲ್ಲಿ ಪ್ರತಿ ತಟ್ಟೆಯ ಕೆಳಗೂ ಕಾಯಿಲ್ ಹರಿದಿರುತ್ತದೆ. ಬೇಗ ಹೆಪ್ಪುಗಟ್ಟಿಸುತ್ತದೆ, ಆದರೆ ತಟ್ಟೆಗಳನ್ನು ಮೇಲೆ ಕೆಳಗೆ ಸರಿಸಲಾಗದು, ಐಸ್ ಕರಗಿಸುವುದು ಅರ್ಧ ದಿನದ ಕೆಲಸ. ಇನ್ನೊಂದು ಫ್ರಾಸ್ಟ್ ಫ್ರೀ. ಫ್ಯಾನ್ ಗಾಳಿ ಊದುತ್ತದೆ, ದಿನಕ್ಕೆ ಎರಡು ಮೂರು ಬಾರಿ ಸಣ್ಣ ಹೀಟರ್ ಹೊತ್ತಿ ಕಾಯಿಲ್ ಮೇಲಿನ ಐಸ್ ಕರಗಿಸುತ್ತದೆ. ಕೈಕೆಲಸ ಇಲ್ಲ. ಆದರೆ ಆ ಒಣಗಾಳಿ ಸರಿಯಾಗಿ ಕಟ್ಟದ ಚೀಲದೊಳಗಿನ ತೇವವನ್ನು ಹೀರುತ್ತದೆ. ಮಟನ್ ತುಂಡಿನ ಅಂಚು ಬೆಳ್ಳಗೆ, ಬೆಂಡಿನಂತೆ ಆಗುವುದು ಅದಕ್ಕೇ. ತಿಂದರೆ ಅಪಾಯವಿಲ್ಲ, ರುಚಿ ಸತ್ತಿರುತ್ತದೆ. ಫ್ರಾಸ್ಟ್ ಫ್ರೀ ತಂದವರು ಚೀಲದ ವಿಷಯದಲ್ಲಿ ಜಿಪುಣತನ ಮಾಡಬಾರದು.

"ಕನ್ವರ್ಟಿಬಲ್" ಎಂಬ ಪದ ಕೇಳಿದರೆ ಸ್ವಲ್ಪ ನಿಲ್ಲಿ. ಕನ್ವರ್ಟಿಬಲ್ ಫ್ರಿಜ್ಜುಗಳಲ್ಲಿ ಸಾಮಾನ್ಯವಾಗಿ ಆಗುವುದು ಫ್ರೀಜರನ್ನು ಫ್ರಿಜ್ ಮಾಡುವುದು. ನಿಮಗೆ ಬೇಕಿರುವುದು ಅದರ ತಿರುಗುಮುರುಗು, ಹಾಗಾಗಿ ಹೊಸ ಫ್ರಿಜ್ ಕೊಂಡರೆ ನಿಮ್ಮ ಸಮಸ್ಯೆ ತೀರದು. ಕನ್ವರ್ಟಿಬಲ್ ಡೀಪ್ ಫ್ರೀಜರ್ ಬೇರೆ: ಇಡೀ ಪೆಟ್ಟಿಗೆ ಒಂದೋ ಫ್ರೀಜರ್, ಇಲ್ಲವೇ ಕೂಲರ್. ಒಂದೇ ಕೋಣೆಯದ್ದಾದರೆ ಎರಡೂ ಒಟ್ಟಿಗೆ ಆಗದು. ಮದುವೆ, ಗೃಹಪ್ರವೇಶಕ್ಕೆ ಹಾಲು, ಹೂವು ಇಡಲು ಕೆಲವೊಮ್ಮೆ ಉಪಯೋಗ. ಅಷ್ಟಕ್ಕಾಗಿ ಹೆಚ್ಚು ಹಣ ಕೊಡಬೇಡಿ.

ಎಲ್ಲಿ ಇಡುವುದು

ಪಡುವಣ ಬಾಲ್ಕನಿ ಬೇಡ. ಬೆಂಗಳೂರು ತಂಪು ಊರು ಎಂದು ನಂಬಿ ಹೊರಗೆ ಇಡುವವರಿದ್ದಾರೆ. 2016ರ ಏಪ್ರಿಲ್‌ನಲ್ಲಿ ಇದೇ ಊರು 39.2 ಡಿಗ್ರಿ ಕಂಡಿದೆ. ಅದು ನೆರಳಿನ ಲೆಕ್ಕ. ಮಧ್ಯಾಹ್ನದ ಬಿಸಿಲು ನೇರ ಬೀಳುವ ತಗಡಿನ ಮೈ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಮಳೆಗಾಲದಲ್ಲಿ ಎರಚಲು ಬಡಿದು ತಳದ ತಗಡು ತುಕ್ಕು ಹಿಡಿಯುತ್ತದೆ. ಪ್ಲಾಸ್ಟಿಕ್ ಕವರ್ ಹೊದಿಸಿದರೆ ಶಾಖ ಹೊರಹೋಗಲು ದಾರಿಯೇ ಇಲ್ಲ. ಎಲ್ಲೇ ಇಟ್ಟರೂ ಹಿಂದಿನ ರೇಟಿಂಗ್ ಪಟ್ಟಿಯಲ್ಲಿ ಕ್ಲೈಮೇಟ್ ಕ್ಲಾಸ್ "ಟಿ" ಎಂದಿದೆಯೇ ನೋಡಿ. ಅದು 43 ಡಿಗ್ರಿವರೆಗೆ ಕೆಲಸ ಮಾಡಲು ತಯಾರಾದದ್ದು. "ಎನ್" ಎಂದಿದ್ದರೆ 32ರವರೆಗೆ ಮಾತ್ರ, ನಮ್ಮ ಬೇಸಿಗೆಗೆ ಸಾಲದು.

ಯುಟಿಲಿಟಿಯೇ ಸರಿ. ಟೇಪು ಹಿಡಿದು ಅಳೆಯಬೇಕಾದದ್ದು ನಾಲ್ಕು. ಇಡುವ ಜಾಗ, ಅದರ ಸುತ್ತ ಕನಿಷ್ಠ 10 ಸೆಂಟಿಮೀಟರ್ ಬಿಡಬೇಕು. ಮುಚ್ಚಳ ಪೂರ್ತಿ ಎತ್ತಿದಾಗಿನ ಎತ್ತರ, ಸಾಮಾನ್ಯವಾಗಿ ನೆಲದಿಂದ ನಾಲ್ಕೂಮುಕ್ಕಾಲರಿಂದ ಐದು ಅಡಿ. ಬಟ್ಟೆ ಒಗೆಯುವ ಪೌಡರಿನ ಶೆಲ್ಫ್ ಅಲ್ಲೇ ಇರುತ್ತದೆ, ತಂದ ಮೇಲೆ ಗೊತ್ತಾಗುತ್ತದೆ. ಮೂರನೆಯದು ಅಡುಗೆಮನೆ ಮತ್ತು ಯುಟಿಲಿಟಿ ನಡುವಿನ ಬಾಗಿಲು. ಹಳೆ ಮನೆಗಳಲ್ಲಿ ಅದು ಎರಡೂಕಾಲು ಅಡಿ ಮಾತ್ರ. ನಾಲ್ಕನೆಯದು ಮೆಟ್ಟಿಲ ತಿರುವು. 30×40 ಮನೆಗಳ ಹೊರಮೆಟ್ಟಿಲಿನ ಅರ್ಧದ ತಿರುವಿನಲ್ಲಿ 300 ಲೀಟರಿನ ಪೆಟ್ಟಿಗೆ ಸಿಕ್ಕಿಕೊಳ್ಳುವುದು ಹೊಸದೇನಲ್ಲ.

ವಾಷಿಂಗ್ ಮೆಷಿನ್ ಪಕ್ಕದಲ್ಲಿದ್ದರೆ ಪೆಟ್ಟಿಗೆಯನ್ನು ಮೂರು ನಾಲ್ಕು ಇಂಚಿನ ಸ್ಟ್ಯಾಂಡ್ ಮೇಲೆ ಏರಿಸಿ, ನೀರು ಚೆಲ್ಲಿದರೂ ತಳ ಒಣಗಿರಲಿ. ಪ್ಲಗ್ ಗೋಡೆಯ ಪ್ರತ್ಯೇಕ ಪಾಯಿಂಟಿಗೆ, ಅರ್ಥಿಂಗ್ ಇರುವುದಕ್ಕೆ. ವಾಷಿಂಗ್ ಮೆಷಿನ್ ಜೊತೆ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಬೇಡಿ. ಗ್ಯಾಸ್ ಸಿಲಿಂಡರ್ ಅಲ್ಲೇ ಇದ್ದರೆ ಎರಡನ್ನೂ ದೂರ ಮಾಡಿ. ಈಗಿನ ಹೆಚ್ಚಿನ ಮನೆ ಫ್ರೀಜರುಗಳಲ್ಲಿ ತಣ್ಣಗಾಗಿಸಲು ತುಂಬಿರುವ ಆರ್600ಎ ಕೂಡ ಹೊತ್ತಿಕೊಳ್ಳುವ ಅನಿಲವೇ. ಪ್ರಮಾಣ ಕೆಲವು ಹತ್ತು ಗ್ರಾಂ ಮಾತ್ರ, ಗಾಳಿಯಾಡುವ ಜಾಗದಲ್ಲಿ ಭಯಪಡಬೇಕಿಲ್ಲ. ರಿಪೇರಿಗೆ ಬಂದವರು ಒಳಗಿನ ಗ್ಯಾಸನ್ನು ಪೂರ್ತಿ ಹೊರಬಿಡದೆ ಬೆಸುಗೆ ಟಾರ್ಚ್ ಹಚ್ಚಹೊರಟರೆ ಮಾತ್ರ ತಡೆಯಿರಿ.

ಕರೆಂಟು

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಕಂಡದ್ದು 178 ಮತ್ತು 170 ಎಂಬ ಎರಡು ಸಂಖ್ಯೆ. ಗೃಹಜ್ಯೋತಿಯಲ್ಲಿ 2022–23ರ ನಿಮ್ಮ ಸರಾಸರಿಯ ಮೇಲೆ ಶೇ 10 ಸೇರಿಸಿ ಮಿತಿ ಕಟ್ಟಿದ್ದಾರೆ. ಆ ಮಿತಿ ದಾಟಿ 200ರೊಳಗೆ ಇದ್ದರೆ ಹೆಚ್ಚಾದ ಯೂನಿಟ್ಟಿಗೆ ಮಾತ್ರ ದುಡ್ಡು. 200 ದಾಟಿತೋ, ಆ ತಿಂಗಳು ಪೂರ್ತಿ ಬಿಲ್ ನಿಮ್ಮದು.

ಬಿಇಇ (ಕೇಂದ್ರದ ಇಂಧನ ದಕ್ಷತಾ ಬ್ಯೂರೋ) ನಕ್ಷತ್ರದ ಲೇಬಲ್ ಮೇಲೆ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುತ್ತದೆ. 365 ಎಂದಿದ್ದರೆ ದಿನಕ್ಕೆ ಒಂದು, ತಿಂಗಳಿಗೆ 30. ನಿಮ್ಮ 170ಕ್ಕೆ ಸೇರಿಸಿದರೆ 200, ಗೆರೆಯ ಮೇಲೇ ನಿಂತಂತೆ. ಯೂನಿಟ್ಟಿಗೆ ಅಂದಾಜು ಆರು ರೂಪಾಯಿ ಹಿಡಿಯಿರಿ. 199 ಬಂದರೆ ಹೆಚ್ಚುವರಿ 21 ಯೂನಿಟ್ಟಿಗೆ 126 ರೂಪಾಯಿ. 205 ಬಂದರೆ 1,230, ಅದರ ಮೇಲೆ ನಿಗದಿತ ಶುಲ್ಕ, ತೆರಿಗೆ. ಆರು ಯೂನಿಟ್ಟಿಗೆ ಸಾವಿರದ ಮೇಲೆ ವ್ಯತ್ಯಾಸ! ಏಪ್ರಿಲ್, ಮೇನಲ್ಲಿ ಫ್ಯಾನು ಹಗಲೂ ರಾತ್ರಿ ತಿರುಗುತ್ತದೆ, ಫ್ರೀಜರೂ ಲೇಬಲ್‌ಗಿಂತ ಹೆಚ್ಚು ಎಳೆಯುತ್ತದೆ. ಹಾಗಾಗಿ ನಕ್ಷತ್ರಗಳನ್ನು ಎಣಿಸುವುದಕ್ಕಿಂತ ಯೂನಿಟ್ ಸಂಖ್ಯೆಯನ್ನೇ ಓದಿ. ನಕ್ಷತ್ರ ಕೊಡುವುದು ಗಾತ್ರಕ್ಕೆ ಹೋಲಿಸಿ. ನಾಲ್ಕು ನಕ್ಷತ್ರದ 300 ಲೀಟರ್, ಎರಡು ನಕ್ಷತ್ರದ 100 ಲೀಟರ್‌ಗಿಂತ ಹೆಚ್ಚು ಕರೆಂಟ್ ತಿನ್ನಬಹುದು. ವರ್ಷಕ್ಕೆ 300 ಯೂನಿಟ್ಟಿನೊಳಗಿನದು ಸಿಕ್ಕರೆ ನಿಮಗೆ ಸ್ವಲ್ಪ ಉಸಿರಾಡಲು ಜಾಗ.

ಇನ್ನೊಂದು ದಾರಿ ಇದೆ, ಯಾರೂ ಹೇಳುವುದಿಲ್ಲ. ವರ್ಷವಿಡೀ ಓಡಿಸಲೇಬೇಕೆಂದೇನಿದೆ? ಡಿಸೆಂಬರಿನಲ್ಲಿ ಹಚ್ಚಿ, ಅವರೆ ಬಟಾಣಿ ಮುಗಿಯುತ್ತ ಬಂದಾಗ ಉಳಿದದ್ದನ್ನು ಫ್ರಿಜ್ಜಿನ ಫ್ರೀಜರಿಗೆ ಸಾಗಿಸಿ ಪೆಟ್ಟಿಗೆಯನ್ನು ಆರಿಸಿಬಿಡಿ. ಆರಿಸಿದ ಮೇಲೆ ಒರೆಸಿ ಒಣಗಿಸಿ, ಮುಚ್ಚಳಕ್ಕೆ ಮಡಿಸಿದ ಬಟ್ಟೆ ಕೊಟ್ಟು ಎರಡು ಬೆರಳಿನಷ್ಟು ಸಂದು ಬಿಡಬೇಕು, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ. ಮನೆಯಲ್ಲಿ ಮಕ್ಕಳಿದ್ದಾರೆ: ಖಾಲಿ ಪೆಟ್ಟಿಗೆಯೊಳಗೆ ಅವಿತುಕೊಳ್ಳುವ ಆಟ ಪ್ರಾಣಕ್ಕೆ ಬರುತ್ತದೆ. ಮುಚ್ಚಳದ ಮೇಲೆ ಬೆಲ್ಟ್ ಬಿಗಿದಿಡಿ. ಬಳಕೆಯಲ್ಲಿದ್ದಾಗ ಬೀಗದ ಕೈ ಮೇಲಿನ ಗೂಡಿನಲ್ಲಿರಲಿ.

ಕರೆಂಟ್ ಹೋದರೆ ಗಾಬರಿಯಾಗಬೇಡಿ. ತುಂಬಿದ ಫ್ರೀಜರ್ ಮುಚ್ಚಳ ತೆಗೆಯದೆ ಬಿಟ್ಟರೆ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಡೆಯುತ್ತದೆ ಎಂಬುದು ಒಪ್ಪಿತ ಲೆಕ್ಕ. ನಿಮ್ಮಂಥ ಸಣ್ಣ ಪೆಟ್ಟಿಗೆಗೆ ಅದಕ್ಕಿಂತ ಕಡಿಮೆ, ಒಂದು ದಿನ ಎಂದು ಹಿಡಿಯಿರಿ. ಬೆಸ್ಕಾಂ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಲೈನ್ ಕೆಲಸ ಎಂದು ತೆಗೆದರೂ ಏನೂ ಆಗದು. ಖಾಲಿ ಜಾಗ ಹೆಚ್ಚಿದ್ದರೆ ನೀರಿನ ಬಾಟಲ್ ಮುಕ್ಕಾಲು ತುಂಬಿ ಇಡಿ. ಕರೆಂಟ್ ಉಳಿಯುತ್ತದೆಂದು ಕೆಲವರು ಇಡುತ್ತಾರೆ, ಉಳಿಯುವುದು ಅಷ್ಟಕ್ಕಷ್ಟೇ. ಕರೆಂಟ್ ಹೋದಾಗ ಮಾತ್ರ ಆ ಐಸ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಕರೆಂಟ್ ಬಂದ ಮೇಲೆ ಚೀಲದಲ್ಲಿ ಇನ್ನೂ ಐಸಿನ ಹರಳು ಕೈಗೆ ಸಿಕ್ಕಿದರೆ ಮತ್ತೆ ಹೆಪ್ಪುಗಟ್ಟಿಸಬಹುದು, ಸ್ವಲ್ಪ ಮೆತ್ತಗಾಗುತ್ತದೆ ಅಷ್ಟೆ. ಮಾಂಸ, ಮೀನು ಪೂರ್ತಿ ಕರಗಿ ಬೆಚ್ಚಗಾಗಿದ್ದರೆ ಎಸೆಯಿರಿ. ಫ್ರೀಜರ್ ಸೂಕ್ಷ್ಮಾಣುಗಳನ್ನು ಮಲಗಿಸುತ್ತದೆ, ಕೊಲ್ಲುವುದಿಲ್ಲ. ಕರಗಿದೊಡನೆ ಅವು ಎದ್ದು ಕೂರುತ್ತವೆ.

ಇನ್ವರ್ಟರ್‌ಗೆ ಕೊಡುವುದು ಬೇಡ. ಓಡುವಾಗ ನೂರು ನೂರೈವತ್ತು ವಾಟ್ ಎಳೆಯುವ ಸಾಧಾರಣ ಕಂಪ್ರೆಸರ್ ಹೊರಡುವ ಕ್ಷಣಕ್ಕೆ ಅದರ ಐದಾರು ಪಟ್ಟು ಎಳೆಯುತ್ತದೆ, ಇನ್ವರ್ಟರ್ ಟ್ರಿಪ್ ಆಗಬಹುದು. ಸ್ಕ್ವೇರ್ ವೇವ್ ಇನ್ವರ್ಟರಾದರೆ ಮೋಟಾರು ಗುಂಯ್‌ಗುಡುತ್ತ ಕಾಯುತ್ತದೆ. ಒಂದು ದಿನ ತಾನೇ ತಡೆಯುವ ಪೆಟ್ಟಿಗೆಗೆ ಬ್ಯಾಟರಿ ಖರ್ಚು ಮಾಡಿ ಫ್ಯಾನು, ದೀಪ ಕಳೆದುಕೊಳ್ಳುವುದೇಕೆ? ಹಾಳು ಮಾಡುವುದು ಕರೆಂಟ್ ಹೋಗಿದ್ದಕ್ಕಿಂತ, ಹೋಗಿ ಬಂದು ಹೋಗಿ ಬಂದು ಮಾಡುವುದು. ನಿಂತ ಕಂಪ್ರೆಸರಿನ ಎರಡು ಬದಿಯ ಒತ್ತಡ ಸಮನಾಗಲು ಮೂರು ನಾಲ್ಕು ನಿಮಿಷ ಬೇಕು. ಅದಕ್ಕೆ ಮೊದಲೇ ಕರೆಂಟ್ ಬಂದರೆ ಮೋಟಾರು ತಿರುಗಲಾರದೆ ಸುರುಳಿ ಕಾಯುತ್ತದೆ. ಸ್ಟೆಬಿಲೈಸರ್ ತರುವುದಾದರೆ "ಟೈಮ್ ಡಿಲೇ" ಇರುವುದನ್ನು ತನ್ನಿ. ಕೈಪಿಡಿಯಲ್ಲಿ ಬರೆದಿರುವ ವೋಲ್ಟೇಜ್ ಮಿತಿ ವಿಶಾಲವಾಗಿದ್ದರೆ, ಇನ್ವರ್ಟರ್ ಕಂಪ್ರೆಸರ್‌ನವುಗಳಲ್ಲಿ (ಇದು ಬ್ಯಾಟರಿಯ ಇನ್ವರ್ಟರ್ ಅಲ್ಲ, ವೇಗವನ್ನು ತಾನೇ ಹೊಂದಿಸಿಕೊಳ್ಳುವ ಕಂಪ್ರೆಸರ್) ಹೆಚ್ಚಾಗಿ ಹಾಗಿರುತ್ತದೆ, ಬೇರೆ ಸ್ಟೆಬಿಲೈಸರ್ ಬೇಕಿಲ್ಲ.

ಆ ಹುಲ್ಲಿನ ವಾಸನೆ

ಹೋದ ವರ್ಷದ ಕಾಳು ಕೆಟ್ಟದ್ದು ನಿಮ್ಮ ಫ್ರಿಜ್ಜಿನ ತಪ್ಪಲ್ಲ. ಎಷ್ಟು ದೊಡ್ಡ ಫ್ರೀಜರ್ ತಂದರೂ ಹಸಿಯಾಗಿಯೇ ಇಟ್ಟರೆ ಮತ್ತೆ ಅದೇ ಆಗುತ್ತದೆ. ಬಿಡಿಸಿದ ಕಾಳಿನೊಳಗಿನ ಕಿಣ್ವಗಳು ಮೈನಸ್ 18ರಲ್ಲೂ ನಿಧಾನವಾಗಿ ಕೆಲಸ ಮಾಡುತ್ತಲೇ ಇರುತ್ತವೆ, ಕಾಳಿನ ಕೊಬ್ಬಿನಂಶವನ್ನು ಒಡೆದು ಆ ವಾಸನೆ ಹುಟ್ಟಿಸುತ್ತವೆ. ಅವನ್ನು ಸುಮ್ಮನಾಗಿಸಲು ಕುದಿಯುವ ನೀರಿನಲ್ಲಿ ಅದ್ದಿ ತೆಗೆಯಬೇಕು.

ಅರ್ಧ ಕೆಜಿ ಕಾಳಿಗೆ ನಾಲ್ಕು ಲೀಟರ್ ನೀರು, ಬುಳಬುಳ ಕುದಿಯುತ್ತಿರಬೇಕು. ಕಾಳನ್ನು ಜಾಲರಿಯಲ್ಲೋ ತೆಳುಬಟ್ಟೆಯಲ್ಲೋ ಇಳಿಬಿಡಿ. ಒಂದು ನಿಮಿಷದೊಳಗೆ ನೀರು ಮತ್ತೆ ಕುದಿಯಬೇಕು, ಇಲ್ಲವಾದರೆ ಕಾಳು ಹೆಚ್ಚಾಯಿತು ಎಂದರ್ಥ. ಮತ್ತೆ ಕುದಿ ಬಂದಾಗಿನಿಂದ ಗಡಿಯಾರ ನೋಡಿ: ಬಟಾಣಿಗೆ ಒಂದೂವರೆ ನಿಮಿಷ, ಅವರೆಕಾಳಿಗೆ ಎರಡು, ಬಲಿತ ದಪ್ಪ ಕಾಳಿಗೆ ಮೂರು. ಹಿತಕಿದ ಬೇಳೆಗೆ ಸಿಪ್ಪೆಯ ಕಾವಲಿಲ್ಲ, ಒಂದು ನಿಮಿಷ ಸಾಕು, ಮೀರಿದರೆ ಹುಳಿಯಲ್ಲಿ ಕರಗಿ ಹೋಗುತ್ತದೆ. ಬೆಂಗಳೂರು ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ, ಆದರೂ ಸಮಯ ಹೆಚ್ಚಿಸಬೇಕಿಲ್ಲ. ತೆಗೆದ ತಕ್ಷಣ ಐಸ್ ಹಾಕಿದ ನೀರಿಗೆ, ಬೇಯಿಸಿದಷ್ಟೇ ಹೊತ್ತು. ಆಮೇಲೆ ಬಿಳಿ ಪಂಚೆಯ ಮೇಲೆ ಹರಡಿ ನೀರಿನ ಪಸೆ ಪೂರ್ತಿ ಆರಿಸಿ. ಅರೆಬರೆ ಅದ್ದಿ ತೆಗೆಯುವುದು ಅದ್ದದೇ ಇರುವುದಕ್ಕಿಂತ ಕೆಟ್ಟದ್ದು, ಸುಮ್ಮನೆ ಬೆಚ್ಚಗೆ ಮಾಡಿದರೆ ಕಿಣ್ವಗಳಿಗೆ ಹುರುಪು ಬರುತ್ತದೆ.

ಚೀಲ ದಪ್ಪಗಿನ ಜಿಪ್ ಚೀಲವೇ ಆಗಬೇಕು, ತರಕಾರಿ ಕವರ್ ಅಲ್ಲ. ಒಂದು ಹೊತ್ತಿನ ಅಡುಗೆಗೆ ಬೇಕಾದಷ್ಟು, ನಿಮಗೆ 400–500 ಗ್ರಾಂ. ಗಾಳಿ ಹಿಂಡಿ, ಒಂದು ಇಂಚಿಗಿಂತ ದಪ್ಪವಾಗದಂತೆ ಚಪ್ಪಟೆ ಮಾಡಿ ಮಲಗಿಸಿ. ಚಪ್ಪಟೆ ಚೀಲ ಬೇಗ ಹೆಪ್ಪುಗಟ್ಟುತ್ತದೆ. ಬೇಗ ಹೆಪ್ಪುಗಟ್ಟಿದರೆ ಒಳಗಿನ ಐಸ್ ಹರಳು ಸಣ್ಣವಾಗಿದ್ದು ಕಾಳು ಒಡೆಯುವುದಿಲ್ಲ. ಗಟ್ಟಿಯಾದ ಮೇಲೆ ಪುಸ್ತಕದ ಹಾಗೆ ನಿಲ್ಲಿಸಿ ಜೋಡಿಸಿದರೆ, ತಿಂಗಳು ಬರೆದ ಅಂಚು ಮೇಲಿಂದಲೇ ಕಾಣುತ್ತದೆ, ತಳದಲ್ಲಿ ಕಳೆದುಹೋಗುವ ಕಥೆಯೂ ಇರುವುದಿಲ್ಲ.

ಎಷ್ಟು ಬೇಗ ಎಂಬುದಕ್ಕೆ ಮಿತಿ ಇದೆ. ನೂರು ಲೀಟರ್ ಫ್ರೀಜರಿಗೆ ದಿನಕ್ಕೆ ಹೊಸದಾಗಿ ಮೂರು ನಾಲ್ಕು ಕೆಜಿಗಿಂತ ಹೆಚ್ಚು ಹಾಕಬಾರದು. ಮಾವ ಚೀಲ ತಂದ ದಿನ 12 ಕೆಜಿ ಕಾಳು ಒಟ್ಟಿಗೆ ತುಂಬಿದರೆ ನಡುವಿನದ್ದು ಎರಡು ದಿನ ಹಸಿಯಾಗೇ ಇರುತ್ತದೆ, ಮೊದಲೇ ಇದ್ದ ಮಟನ್ನೂ ಬೆಚ್ಚಗಾಗುತ್ತದೆ. ಬಿಡಿಸುವುದನ್ನೇ ಮೂರು ದಿನಕ್ಕೆ ಹಂಚಿ. ಬಿಡಿಸದ ಕಾಯಿ ನೆರಳಲ್ಲಿ ಹರಡಿದ್ದರೆ ಎರಡು ದಿನ ಸುಮ್ಮನಿರುತ್ತದೆ. ಹಿಂದಿನ ದಿನವೇ ಗುಂಡಿಯನ್ನು ಗರಿಷ್ಠಕ್ಕೆ ತಿರುಗಿಸಿ, ಹೊಸ ಚೀಲಗಳನ್ನು ಗೋಡೆಗೆ ತಾಗುವಂತೆ ಇಡಿ, ಗಟ್ಟಿಯಾದ ಮೇಲೆ ಗುಂಡಿ ಹಿಂದಕ್ಕೆ. ಗುಂಡಿಯ ಮೇಲಿನ 1ರಿಂದ 7 ಡಿಗ್ರಿಗಳಲ್ಲ. ಚೀಲಗಳ ನಡುವೆ ಒಂದು ಸಣ್ಣ ಫ್ರೀಜರ್ ತರ್ಮಾಮೀಟರ್ ಇಟ್ಟು, ಮೈನಸ್ 18 ತೋರುವ ಸಂಖ್ಯೆ ಯಾವುದೆಂದು ಕಂಡುಕೊಳ್ಳಿ.

ಹೀಗೆ ಇಟ್ಟ ಕಾಳು ಮುಂದಿನ ಅವರೆಕಾಯಿ ಬರುವವರೆಗೂ ಬರುತ್ತದೆ. ಹಸಿ ಕೋಳಿ ತುಂಡು ಒಂಬತ್ತು ತಿಂಗಳು, ಮಟನ್ ಆರರಿಂದ ಒಂಬತ್ತು, ಖೀಮಾ ಮೂರು ನಾಲ್ಕು. ಬಂಗುಡೆ, ಬೂತಾಯಿಯಂಥ ಕೊಬ್ಬಿನ ಮೀನು ಎರಡು ಮೂರು ತಿಂಗಳಲ್ಲಿ ಕಮಟು ಬರುತ್ತದೆ. ಕಾಯಿತುರಿಯೂ ಅಷ್ಟೇ. ಫ್ರೀಜರಿನಲ್ಲಿಟ್ಟರೆ ಸತ್ವ ಹೋಗುತ್ತದೆ ಎಂದು ಮನೆಯಲ್ಲಿ ಹಿರಿಯರು ಹೇಳಿದರೆ: ಬಿಸಿನೀರಿನಲ್ಲಿ ಅದ್ದುವಾಗ ಸಿ ಜೀವಸತ್ವ, ಕೆಲವು ಬಿ ಜೀವಸತ್ವ ಸ್ವಲ್ಪ ಹೋಗುತ್ತವೆ, ಉಳಿದದ್ದಕ್ಕೆ ಹೇಳಿಕೊಳ್ಳುವ ನಷ್ಟವಿಲ್ಲ.

ತಂದ ಮೇಲೆ

ಮೆಟ್ಟಿಲಲ್ಲಿ ಓರೆಯಾಗಿ ಎತ್ತಿ ತಂದಿದ್ದರೆ ಕಂಪ್ರೆಸರಿನ ಎಣ್ಣೆ ಪೈಪಿಗೆ ಹರಿದಿರುತ್ತದೆ. ನೆಟ್ಟಗೆ ನಿಲ್ಲಿಸಿ ನಾಲ್ಕಾರು ಗಂಟೆ ಬಿಟ್ಟು ಸ್ವಿಚ್ ಹಾಕಿ. ರಾತ್ರಿಯಿಡೀ ಖಾಲಿ ಓಡಿಸಿ, ಬೆಳಿಗ್ಗೆ ತುಂಬಿ.

ಹಚ್ಚಿದ ಮೊದಲ ದಿನ ಹೊರಮೈ ಕೈಗೆ ಬಿಸಿ ತಾಗುತ್ತದೆ, ಜನ ಕೆಟ್ಟಿದೆ ಎಂದು ಫೋನ್ ಮಾಡುತ್ತಾರೆ. ಪೆಟ್ಟಿಗೆ ಮಾದರಿಯಲ್ಲಿ ಶಾಖ ಹೊರಹಾಕುವ ಪೈಪು ಹಿಂದೆ ಕಾಣುವುದಿಲ್ಲ, ಹೊರ ತಗಡಿನ ಒಳಬದಿಗೇ ಅಂಟಿಕೊಂಡಿರುತ್ತದೆ. ಹಾಗಾಗಿ ಬಿಸಿಯಾಗಲೇಬೇಕು. ಅದೇ ಕಾರಣಕ್ಕೆ ಆ ಮೈಗೆ ಪೊರಕೆ ತೂಗುಹಾಕಲೆಂದು ಸ್ಕ್ರೂ ಹೊಡೆಯಬಾರದು, ಡ್ರಿಲ್ ಸೀದಾ ಗ್ಯಾಸ್ ಪೈಪಿಗೆ ಇಳಿಯುತ್ತದೆ.

ಒಳಗೋಡೆಯಲ್ಲಿ ಐಸ್ ಕಾಲಿಂಚು ಆದಾಗ ಕರಗಿಸಿ, ಮುಚ್ಚಳ ಕಡಿಮೆ ತೆಗೆದರೆ ಅದು ವರ್ಷಕ್ಕೆ ಒಂದೆರಡು ಸಲ. ಚೀಲಗಳನ್ನು ಕಂಬಳಿಯಲ್ಲಿ ಸುತ್ತಿಟ್ಟು, ಸ್ವಿಚ್ ಆರಿಸಿ, ಬಿಸಿನೀರಿನ ಪಾತ್ರೆಯನ್ನು ಒಂದು ಹಲಗೆಯ ಮೇಲೆ ಒಳಗಿಟ್ಟು ಮುಚ್ಚಳ ಹಾಕಿದರೆ ಅರ್ಧ ಗಂಟೆಯಲ್ಲಿ ಐಸ್ ಹಲ್ಲೆಹಲ್ಲೆಯಾಗಿ ಬಿಡತೊಡಗುತ್ತದೆ. ಉಳಿದದ್ದಕ್ಕೆ ಮರದ ಸೌಟು ಅಥವಾ ಪ್ಲಾಸ್ಟಿಕ್ ಚಮಚ. ಚಾಕು, ಸ್ಕ್ರೂಡ್ರೈವರ್ ಹತ್ತಿರ ತರಬೇಡಿ. ಒಳಗಿನ ಕಾಯಿಲ್ ಆ ತೆಳು ಅಲ್ಯೂಮಿನಿಯಂ ಹಾಳೆಯ ಬೆನ್ನಿಗೇ ಇದೆ. ಒಂದು ಚುಚ್ಚು, ಸಣ್ಣ ಸುಯ್ ಎಂಬ ಸದ್ದು, ಗ್ಯಾಸ್ ಖಾಲಿ. ಕಾಯಿಲ್ ಫೋಮಿನಲ್ಲಿ ಹೂತಿರುವುದರಿಂದ ರಿಪೇರಿಯ ಖರ್ಚು ಹೊಸದರ ಹತ್ತಿರ ಹೋಗುತ್ತದೆ.

ಐಸ್ ಒಂದೇ ಮೂಲೆಯಲ್ಲಿ, ಅದೂ ತಿಂಗಳೊಳಗೆ ದಪ್ಪಗಾದರೆ ಆ ಮೂಲೆಯ ಮುಚ್ಚಳದ ರಬ್ಬರ್ ಕೂತಿಲ್ಲ. ಹತ್ತು ರೂಪಾಯಿ ನೋಟು ಇಟ್ಟು ಮುಚ್ಚಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಸಡಿಲವಾಗಿ ಜಾರಿ ಬಂದರೆ ಅಲ್ಲಿಂದಲೇ ಗಾಳಿ ನುಗ್ಗುತ್ತಿದೆ. ಮೊದಲು ಬಿಸಿನೀರಿನ ಬಟ್ಟೆಯಿಂದ ರಬ್ಬರನ್ನು ಒರೆಸಿ, ಕೈಯಲ್ಲಿ ಎಳೆದು ಕೂರಿಸಿ ನೋಡಿ, ಹಲವು ಸಲ ಅಷ್ಟೇ ಸಾಕಾಗುತ್ತದೆ. ಹೊಸ ಪೆಟ್ಟಿಗೆಯಲ್ಲೇ ಹೀಗಿದ್ದರೆ ವಾರಂಟಿಯಲ್ಲಿ ರಬ್ಬರ್ ಬದಲಿಸಿಕೊಡಬೇಕು. ಡೆಲಿವರಿ ಹುಡುಗರು ಇಳಿಸಿ ಹೋಗುವ ಮುನ್ನವೇ ಆ ನೋಟನ್ನು ನಾಲ್ಕೂ ಬದಿಗೆ ಇಟ್ಟು ನೋಡಿಬಿಡಿ, ಅವರೆದುರಿಗೇ.